25 ಮೀಟರ್ ಈಜುಕೊಳಕ್ಕೆ ತಿಂಗಳಿಗೆ 500 ರೂಪಾಯಿ ಸಾಕೇ?

ನೀವು ಕೇಳಿದ್ದು: ಮಣಿಪಾಲದ ಹತ್ತಿರದ ನಿಮ್ಮ ಬಡಾವಣೆಯ ಸಂಘಕ್ಕೆ 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳ ಸಿದ್ಧವಾಗಿದೆ, 180 ಮಂದಿ ಹೆಸರು ಕೊಟ್ಟಿದ್ದಾರೆ, ತಿಂಗಳಿಗೆ 500 ರೂಪಾಯಿ ಇಟ್ಟರೆ ನಡೆದೀತೇ?

ನಡೆಯುವುದಿಲ್ಲ. 180 ಮಂದಿಯೂ ಹನ್ನೆರಡು ತಿಂಗಳು ತಪ್ಪದೆ ಕಟ್ಟಿದರೂ ಬರುವುದು 10.8 ಲಕ್ಷ. ಅದು ಸಂಬಳಕ್ಕೇ ಮುಗಿಯುತ್ತದೆ. ಅಷ್ಟೂ ಬರುವುದೂ ಇಲ್ಲ. ತಿಂಗಳ ಲೆಕ್ಕದಲ್ಲಿ ಸೇರುವವರು ಏಪ್ರಿಲ್, ಮೇಯಲ್ಲಿ ನೂಕಿಕೊಂಡು ಬಂದು ಮೊದಲ ಮಳೆಗೇ ಕಾಣೆಯಾಗುತ್ತಾರೆ. ಖರ್ಚು ಮಾತ್ರ ವರ್ಷವಿಡೀ ಉಂಟು. ಆದ್ದರಿಂದ ವರ್ಷದ ಶುಲ್ಕವನ್ನೇ ಮುಖ್ಯ ಮಾಡಿ, ತಿಂಗಳದ್ದನ್ನು ಬೇಕೆಂದೇ ದುಬಾರಿ ಇಡಿ.

ಸಮಿತಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಮಳೆಗಾಲದಲ್ಲಿ ನೀರು ಖಾಲಿ ಮಾಡಿ ಬೀಗ ಹಾಕೋಣ, ಖರ್ಚು ಉಳಿಯುತ್ತದೆ ಎಂದು. ಒಪ್ಪಬೇಡಿ. ಜುಲೈಯಲ್ಲಿ ನಮ್ಮ ಕಡೆ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆಂದು ನಿಮಗೆ ಗೊತ್ತಲ್ಲ. ಆಗ ಕೊಳ ಖಾಲಿ ಇದ್ದರೆ ಅಡಿಯ ಅಂತರ್ಜಲದ ಒತ್ತಡಕ್ಕೆ ತಳ ಬಿರುಕು ಬಿಡಬಹುದು, ಇಡೀ ತೊಟ್ಟಿ ದೋಣಿಯಂತೆ ಮೇಲೇಳಲೂಬಹುದು. ಟೈಲ್ಸ್ ಏಳುವುದಂತೂ ಸಾಮಾನ್ಯ. ನೀರು ಇರಲೇಬೇಕು, ನೀರಿದ್ದರೆ ಪಂಪು, ಕ್ಲೋರಿನ್ ಎರಡೂ ಬೇಕು. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ನಿಮ್ಮ ಕೊಳಕ್ಕೆ ಮೇಲಿನಿಂದಲೇ 31,000 ಲೀಟರ್ ಬೀಳುತ್ತದೆ. ಕ್ಲೋರಿನ್ ತೆಳುವಾಗುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುಪೇರಾಗುತ್ತದೆ, ಎಲೆ, ಕೆಸರು ಸೇರಿ ಎರಡು ದಿನದಲ್ಲಿ ಗೋಡೆಗೆ ಪಾಚಿ. ಈಜುವವರು ಹತ್ತೇ ಮಂದಿಯಾದರೂ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.8ರ ಒಳಗೆ ನಿಲ್ಲಬೇಕು.

ಇನ್ನು ಲೆಕ್ಕ. ದರಗಳು ಅಂದಾಜು, ನಿಮ್ಮ ಕೊಟೇಶನ್ ಹಾಕಿ ತಿದ್ದಿಕೊಳ್ಳಿ. ಎರಡು ಪಾಳಿ, ವಾರದ ರಜೆ ಸೇರಿದರೆ ಲೈಫ್‌ಗಾರ್ಡ್ ಮೂವರು ಬೇಕು, ತಲಾ 18,000. ಪಂಪ್ ಆಪರೇಟರ್ 16,000. ಸ್ವಚ್ಛತೆಗೆ ಒಬ್ಬರು 12,000. ಬೋನಸ್, ಬದಲಿ ಆಳು ಸೇರಿ ವರ್ಷಕ್ಕೆ 11 ಲಕ್ಷ. ಇದರಲ್ಲಿ ಲೈಫ್‌ಗಾರ್ಡ್ ಸಂಖ್ಯೆ ಇಳಿಸುವ ಮಾತೇ ಬೇಡ.

ಸರಾಸರಿ 1.4 ಮೀಟರ್ ಆಳ ಎಂದರೆ ನೀರು ಸುಮಾರು 4.4 ಲಕ್ಷ ಲೀಟರ್. ಆರು ಗಂಟೆಗೊಮ್ಮೆ ಅಷ್ಟೂ ಫಿಲ್ಟರ್ ದಾಟಬೇಕಾದರೆ 5 ಎಚ್‌ಪಿಯ ಎರಡು ಪಂಪ್, ದಿನಕ್ಕೆ 12 ಗಂಟೆ, 90 ಯುನಿಟ್ ವಿದ್ಯುತ್. ಯುನಿಟ್‌ಗೆ 9 ರೂಪಾಯಿ ಹಿಡಿದು ಮಳೆಗಾಲದ ಮೂರು ತಿಂಗಳು ಪಂಪ್ ಸ್ವಲ್ಪ ಕಡಿಮೆ ಓಡಿಸಿದರೂ ವರ್ಷಕ್ಕೆ 2.9 ಲಕ್ಷ. ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್‌ಗೆ ನಿಗದಿತ ಶುಲ್ಕ ಬೇರೆ ಇರುತ್ತದೆ. ಪಂಪ್ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. 65 ಪ್ರತಿಶತದ ಕ್ಲೋರಿನ್ ಹರಳು ದಿನಕ್ಕೆ 2 ಕೆಜಿ, ಜೊತೆಗೆ ಆಸಿಡ್, ಸೋಡಾ ಆ್ಯಶ್, ಆಲಂ (ಪಟಿಕ): 1.9 ಲಕ್ಷ. ವಿಮೆ, ನೀರಿನ ಪರೀಕ್ಷೆ, ಸಣ್ಣ ರಿಪೇರಿ 75,000. ಫಿಲ್ಟರ್ ಮರಳು ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಾಗಬೇಕು, ಮೋಟಾರ್ ಸುಡುವುದು ಮುಂಚೆ ಹೇಳಿ ಬರುವುದಿಲ್ಲ. ಅದಕ್ಕೆ ಮೀಸಲು 1 ಲಕ್ಷ.

ಬೇಸಿಗೆಯ ನೀರು ಬೇರೆಯೇ ತಲೆನೋವು. ಕೊಳದಲ್ಲಿ ಜನ ತುಂಬುವ ತಿಂಗಳಲ್ಲೇ ಬಾವಿ ಬತ್ತುತ್ತದೆ. ಆವಿ, ಬ್ಯಾಕ್‌ವಾಶ್ (ನೀರು ಹಿಮ್ಮುಖ ಹಾಯಿಸಿ ಫಿಲ್ಟರ್ ತೊಳೆಯುವುದು) ಎಲ್ಲ ಸೇರಿ ದಿನಕ್ಕೆ 4,000 ಲೀಟರ್ ಹೋಗುತ್ತದೆ. ಏಪ್ರಿಲ್, ಮೇಗೆ 6,000 ಲೀಟರಿನ 40 ಟ್ಯಾಂಕರ್, ತಲಾ 900 ಎಂದರೆ 36,000. 2019ರ ಮೇಯಲ್ಲಿ ಉಡುಪಿಗೆ ನೀರು ಕೊಡುವ ಬಜೆ, ಮಂಗಳೂರಿಗೆ ಕೊಡುವ ತುಂಬೆ, ಎರಡೂ ಅಣೆಕಟ್ಟುಗಳಲ್ಲಿ ನೀರು ತಳ ಕಂಡಿತ್ತು; ಅಂಥ ವರ್ಷ ಈ ದರಕ್ಕೆ ಟ್ಯಾಂಕರ್ ಸಿಗದು. ಕಬ್ಬಿಣದಂಶವಿರುವ ಬೋರ್‌ವೆಲ್ ನೀರು ತಂದರೆ ಕ್ಲೋರಿನ್ ಬಿದ್ದೊಡನೆ ಕೊಳ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಬಕೆಟ್ ನೀರಿಗೆ ಚಿಟಿಕೆ ಕ್ಲೋರಿನ್ ಹಾಕಿ ನೋಡಿಯೇ ಟ್ಯಾಂಕರ್ ಇಳಿಸಿಕೊಳ್ಳಿ.

ಒಟ್ಟು ಸುಮಾರು 18 ಲಕ್ಷ. ಇದರಲ್ಲಿ ಬೇಸಿಗೆ ಶಿಬಿರದಿಂದ (160 ಮಕ್ಕಳು, 21 ದಿನಕ್ಕೆ 2,500, ಕೋಚ್ ಸಂಭಾವನೆ ಕಳೆದು) 2.8 ಲಕ್ಷ, ಅತಿಥಿ ಪಾಸ್‌ನಿಂದ 1 ಲಕ್ಷ ಕಳೆಯಿರಿ. ಉಳಿದ 14.2 ಲಕ್ಷವನ್ನು 180ರಿಂದ ಭಾಗಿಸಬೇಡಿ. ಹೆಸರು ಕೊಟ್ಟವರೆಲ್ಲ ಹಣ ಕೊಡುವುದಿಲ್ಲ. 85 ಪ್ರತಿಶತ, ಅಂದರೆ 153 ಎಂದು ಹಿಡಿಯಿರಿ. ತಲೆಗೆ 9,280 ಬಂತು. ವರ್ಷಕ್ಕೆ 9,500 ಇಡಿ. ತಿಂಗಳದ್ದು 1,500. ಏಳು ತಿಂಗಳು ಬರುವವರಿಗೆ ವರ್ಷದ್ದೇ ಲಾಭ ಎಂದು ತಾನಾಗಿ ಗೊತ್ತಾಗಬೇಕು.

ಕುಟುಂಬಕ್ಕೆ ಒಂದೇ ದರ ಇಡುವ ಆಸೆ ಬೇಡ. ಕೂಡು ಕುಟುಂಬವಾದರೆ ಒಂದೇ ಕಾರ್ಡಿನಲ್ಲಿ ಹನ್ನೆರಡು ಮಂದಿ ಇಳಿಯುತ್ತಾರೆ. ಎರಡನೆಯವರಿಗೆ ಶೇಕಡಾ 30 ರಿಯಾಯಿತಿ, ಮಕ್ಕಳಿಗೆ ಅರ್ಧ ಕೊಡಿ. ಹಾಗೆ ಕೊಟ್ಟರೆ ಭಾಗಿಸುವ ಸಂಖ್ಯೆಯನ್ನೂ ಅಷ್ಟಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಿ, ಬಹಳ ಕಡೆ ಇದೇ ಮರೆತುಹೋಗುತ್ತದೆ. ಮೇಯಲ್ಲಿ ಮುಂಬೈಯಿಂದ ರಜೆಗೆ ಬರುವ ನೆಂಟರಿಗೆ ದಿನಕ್ಕೆ 150ರ ಅತಿಥಿ ಪಾಸ್, ಸದಸ್ಯರು ಜೊತೆಗಿರಬೇಕು, ತಿಂಗಳಿಗೆ ನಾಲ್ಕೇ.

ಆಜೀವ ಸದಸ್ಯತ್ವ ಮಾರಲೇಬೇಡಿ. ಮೊದಲ ವರ್ಷ ಕೈತುಂಬ ಹಣ ಬರುತ್ತದೆ, ಐದನೆಯ ವರ್ಷ ಈಜುವವರು ಇರುತ್ತಾರೆ, ಕಟ್ಟುವವರು ಇರುವುದಿಲ್ಲ. ಬಂಡವಾಳ ಬೇಕಿದ್ದರೆ ಮರಳಿಸದ ಪ್ರವೇಶ ಶುಲ್ಕ ತೆಗೆದುಕೊಳ್ಳಿ. ಠೇವಣಿ ಪಡೆದರೆ ಎಫ್‌ಡಿಯಲ್ಲಿಡಿ, ಅದು ಸದಸ್ಯರ ಹಣ.

ಮಂಗಳೂರಿನ ಮಂಗಳಾ ಈಜುಕೊಳದ್ದೋ ಎಮ್ಮೆಕೆರೆಯದ್ದೋ ದರ ತೋರಿಸಿ ಚೌಕಾಸಿ ಮಾಡುವವರಿರುತ್ತಾರೆ. ಅವು ಸರಕಾರಿ ದುಡ್ಡಿನಲ್ಲಿ ಎದ್ದವು, ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಜಿಎಸ್‌ಟಿ ವಿಷಯ ಸಿಎ ಹತ್ತಿರ ಮೊದಲೇ ಕೇಳಿ: ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಸಂಘದ ಬೇರೆ ಆದಾಯವೂ ಅದರಲ್ಲೇ ಸೇರುತ್ತದೆ.

ಸದಸ್ಯತ್ವದ ವರ್ಷವನ್ನು ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ಕ್ಕೆ ಇಡಿ. ಮಳೆ ಬಿಟ್ಟು ಜನ ಮತ್ತೆ ಇಳಿಯುವ ಹೊತ್ತಿಗೆ ನವೀಕರಣ ಬರುತ್ತದೆ. ನೀರಿಲ್ಲದೆ ಮುಚ್ಚಿದರೆ ಹಣ ವಾಪಸ್ ಇಲ್ಲ, 15 ದಿನದವರೆಗೆ ಅವಧಿ ವಿಸ್ತರಣೆ ಮಾತ್ರ ಎಂಬ ಸಾಲು ಅರ್ಜಿಯಲ್ಲೇ ಇರಲಿ, ಅದರ ಕೆಳಗೇ ಸಹಿ ಮಾಡಿಸಿ.