ಸ್ಕೋಪ್ ಇರುವ ರೈಫಲ್‌ಗೆ ಓಪನ್ ಸೈಟ್ ಯಾಕೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿದ್ದೇನೆ, ಜಿಂಕೆ ಬೇಟೆಯ ಲೈಸೆನ್ಸ್ ಇದೆ. ಹೊಸದಾಗಿ ಕೊಂಡ .308 (ಗುಂಡಿನ ಅಳತೆ) ಬೋಲ್ಟ್ ಆ್ಯಕ್ಷನ್ ರೈಫಲ್‌ನಲ್ಲಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಲು ತೂತುಗಳಿವೆ, ಓಪನ್ ಸೈಟ್ (ಬರಿಗಣ್ಣಿನಲ್ಲಿ ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಿಂದಿನ ಕಚ್ಚು, ಮುಂದಿನ ಮಣಿ) ಮಾತ್ರ ಇಲ್ಲ. ದುಡ್ಡು ಕೊಟ್ಟು ಹಾಕಿಸುವುದು ಲಾಭವೇ? (ಒಬ್ಬ ಓದುಗರು, ಮಿನ್ನೆಸೋಟ)

ಉತ್ತರ: ಹಾಕಿಸುವ ಮೊದಲು ಬಟ್ (ಹೆಗಲಿಗೆ, ಕೆನ್ನೆಗೆ ಆನುವ ಹಿಂಭಾಗ) ನಿಮಗೆ ಹೇಗೆ ಕೂರುತ್ತದೆ ನೋಡಿ. ರೈಫಲ್ ಖಾಲಿಯಿದೆಯೆಂದು ಗುಂಡು ಕೂರುವ ಚೇಂಬರಿಗೆ ಬೆರಳಿಟ್ಟು ಖಚಿತ ಮಾಡಿಕೊಳ್ಳಿ, ಸ್ಕೋಪ್ ಕೂರಿಸಿದ್ದರೆ ಕಳಚಿ. ಕಣ್ಣು ಮುಚ್ಚಿ ಬಟ್ಟನ್ನು ಹೆಗಲಿಗೆ ತಂದು ಕೆನ್ನೆ ಆನಿಸಿ, ಆಮೇಲೆ ಕಣ್ಣು ಬಿಡಿ. ನೋಟ ನಳಿಗೆಯ ಬೆನ್ನಿನ ಮೇಲೇ ಸಾಗುತ್ತದೆಯೋ, ಬಹಳ ಮೇಲಿನಿಂದ ಹಾದುಹೋಗುತ್ತದೆಯೋ? ಈಗಿನ ಬಟ್‌ಗಳು ಸ್ಕೋಪಿಗೆಂದೇ ನೇರವಾಗಿ, ಎತ್ತರವಾಗಿ ಬರುತ್ತವೆ. ಸ್ಕೋಪಿನ ನಡುಗೆರೆ ನಳಿಗೆಯ ನಡುವಿಗಿಂತ ಸುಮಾರು 4 ಸೆಂ.ಮೀ. ಮೇಲಿದ್ದರೆ, ಓಪನ್ ಸೈಟ್‌ನ ಗೆರೆ ಅದರ ಅರ್ಧದಷ್ಟು ಎತ್ತರದಲ್ಲಿರುತ್ತದೆ. ಆ ಎರಡು ಸೆಂ.ಮೀ. ಇಳಿಯಲು ಕೆನ್ನೆಯನ್ನು ಬಟ್ಟಿಗೆ ಒತ್ತಿ ಹಿಡಿಯಬೇಕಾಗುತ್ತದೆ. ಒಂದೊಂದು ಸಲ ಒಂದೊಂದು ರೀತಿ ಒತ್ತಿದರೆ ಗುಂಡುಗಳೂ ಒಂದೊಂದು ಕಡೆ ಬೀಳುತ್ತವೆ, .308ರ ಒದೆತ ನೇರ ದವಡೆಗೆ ಬಡಿಯುತ್ತದೆ. ಹಾಗಾದರೆ ಸೈಟ್ ಹಾಕಿಸಬೇಡಿ. ಅದೇ ದುಡ್ಡಿನಲ್ಲಿ ಸ್ಕೋಪನ್ನು ಹಿಡಿದಿಡುವ ಒಳ್ಳೆಯ ರಿಂಗ್, ಬೇಸ್ ಕೊಳ್ಳಿ.

ಕೆನ್ನೆ ಸರಿಯಾಗಿ ಕೂರುವುದಾದರೆ ಮಾತೇ ಬೇರೆ. ಮಂಜು, ಮಳೆಯಲ್ಲಿ ಸ್ಕೋಪಿನ ಗಾಜು ಮಸುಕಾಗುತ್ತದೆ. ಬಿದ್ದರೆ, ತಿರುಪು ಸಡಿಲವಾದರೆ ಗುರಿ ಎಲ್ಲಿ ಹೋಯಿತೆಂದು ಗೊತ್ತೇ ಆಗುವುದಿಲ್ಲ. ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಗಸ್ತು ತಿರುಗುವ ಕೆನಡಿಯನ್ ರೇಂಜರ್ಸ್‌ಗೆ ಹಳೆಯ ಲೀ-ಎನ್‌ಫೀಲ್ಡ್ ಬದಲು ಕೊಟ್ಟ ಸಿ19 ರೈಫಲ್ (ಟಿಕ್ಕಾ ಟಿ3ಎಕ್ಸ್ ಆರ್ಕ್ಟಿಕ್‌ನ ರೂಪ) ಕೂಡ .308, ಅದರಲ್ಲಿ ಪೀಪ್ ಸೈಟ್ (ಹಿಂದೆ ಕಚ್ಚಿನ ಬದಲು ಸಣ್ಣ ತೂತಿರುವ ಸೈಟ್) ಇದ್ದೇ ಇದೆ. ಅಲ್ಲಿ ಹಿಮಕರಡಿ ಎದುರಾದಾಗ ಲೆನ್ಸ್ ಒರೆಸುತ್ತ ನಿಲ್ಲಲಾಗದು.

ಆದರೆ ಓಪನ್ ಸೈಟ್‌ನ ಮಿತಿಯನ್ನೂ ಲೆಕ್ಕ ಹಾಕಿ. ಮುಂದಿನ ಸೈಟ್‌ನ ಗುಂಡುಮಣಿ 1.6 ಮಿ.ಮೀ. ಅಗಲವಿದ್ದು ಕಣ್ಣಿನಿಂದ 86 ಸೆಂ.ಮೀ. ದೂರದಲ್ಲಿದ್ದರೆ, 100 ಮೀಟರಿನಲ್ಲಿ ಅದು ಸುಮಾರು 19 ಸೆಂ.ಮೀ. ಜಾಗವನ್ನು ಮುಚ್ಚುತ್ತದೆ. ಜಿಂಕೆಯ ಎದೆಯಲ್ಲಿ ಈಡು ಬೀಳಬೇಕಾದ ಜಾಗವೇ ಹೆಚ್ಚುಕಡಿಮೆ ಅಷ್ಟು. 200 ಮೀಟರಿಗೆ 37 ಸೆಂ.ಮೀ., ಅಂದರೆ ಅಂದಾಜಿನ ಮೇಲೆ ಹೊಡೆದಂತೆ. ಗಾಯಗೊಂಡ ಪ್ರಾಣಿ ಕಾಡಿಗೆ ಓಡುತ್ತದೆ. ದಟ್ಟ ಕಾಡಿನಲ್ಲಿ, 100 ಮೀಟರಿನ ಒಳಗೆ ಮಾತ್ರ ನಂಬಿ. ಸಂಜೆ ಬೆಳಕು ಇಳಿದಾಗಂತೂ ಕಾನೂನಿನ ಸಮಯ ಇನ್ನೂ ಉಳಿದಿದ್ದರೂ ಮಣಿ ಕಾಣುವುದು ನಿಂತುಹೋಗುತ್ತದೆ. ಸ್ಕೋಪ್ ಗೆಲ್ಲುವುದೇ ಅಲ್ಲಿ.

ಎರಡೂ ಇಟ್ಟುಕೊಳ್ಳುವುದಾದರೆ ಸ್ಕೋಪನ್ನು ಸನ್ನೆ ತಿರುಗಿಸಿ ಕಳಚುವ ಮೌಂಟ್ ಹಾಕಿ. ಮೂರು ಗುಂಡು ಹೊಡೆದು, ಕಳಚಿ ಮತ್ತೆ ಕೂರಿಸಿ, ಮತ್ತೆ ಮೂರು ಹೊಡೆಯಿರಿ. ಎರಡು ಗುಂಪೂ ಒಂದೇ ಕಡೆ ಬೀಳದಿದ್ದರೆ ಆ ಮೌಂಟ್ ಬೇಡ. ಸ್ಕೋಪಿನ ಕೆಳಗಿನಿಂದ ಸೈಟ್ ನೋಡಲು ಕಿಂಡಿ ಬಿಟ್ಟ ಎತ್ತರದ ರಿಂಗುಗಳು ನಮಗೆ ಹಿಡಿಸುವುದಿಲ್ಲ. ಸ್ಕೋಪ್ ಬಳಸುವಾಗ ಕೆನ್ನೆ ಗಾಳಿಯಲ್ಲಿ ತೇಲುತ್ತದೆ.

ಪ್ರಶ್ನೆ: ಓಪನ್ ಸೈಟ್‌ನಲ್ಲಿ ನನ್ನ ಗುಂಡುಗಳು 100 ಮೀಟರಿಗೆ 10 ಸೆಂ.ಮೀ. ಕೆಳಗೆ ಬೀಳುತ್ತವೆ. ಎಷ್ಟು ತಿದ್ದಬೇಕು?

ಉತ್ತರ: ಎರಡು ಸೈಟ್‌ಗಳ ನಡುವಿನ ದೂರ ಅಳೆಯಿರಿ. ಅದು 50 ಸೆಂ.ಮೀ. ಇದ್ದರೆ: 10 ಸೆಂ.ಮೀ. ಗುಣಿಸು 50, ಭಾಗಿಸು 10,000. ಬರುವುದು 0.05 ಸೆಂ.ಮೀ., ಅಂದರೆ ಅರ್ಧ ಮಿ.ಮೀ. ಹಿಂದಿನ ಸೈಟನ್ನು ಅಷ್ಟು ಏರಿಸಿ, ಇಲ್ಲವೇ ಮುಂದಿನದನ್ನು ಅಷ್ಟು ಇಳಿಸಿ. ಹಿಂದಿನ ಸೈಟ್ ಗುಂಡು ಹೋಗಬೇಕಾದ ದಿಕ್ಕಿಗೆ ಸರಿಯಬೇಕು, ಮುಂದಿನದು ಅದರ ವಿರುದ್ಧಕ್ಕೆ. ಇದನ್ನು ತಲೆಕೆಳಗೆ ಮಾಡಿ ಗುಂಡಿನ ಪೆಟ್ಟಿಗೆಯನ್ನೇ ಖಾಲಿ ಮಾಡುವವರು ಬಹಳ.

ಮುಂದಿನ ಸೈಟನ್ನು ಅರದಿಂದ ಉಜ್ಜುವುದಾದರೆ ಒಮ್ಮೆಗೆ 0.1 ಮಿ.ಮೀ. ಮಾತ್ರ, ನಿಮ್ಮ ಲೆಕ್ಕದಲ್ಲಿ ಅದು 2 ಸೆಂ.ಮೀ. ಏರಿಕೆ. ಹೆಚ್ಚು ಉಜ್ಜಿದರೆ ಹೊಸ ಸೈಟ್ ಕೊಳ್ಳುವುದೇ ದಾರಿ. ಎಡಬಲಕ್ಕೆ ಸರಿಸಲು ಹಿತ್ತಾಳೆಯ ಪಂಚ್ ಬಳಸಿ, ಉಕ್ಕಿನದು ಸೈಟನ್ನು ಜಜ್ಜುತ್ತದೆ. ಸರಿಸುವ ಮೊದಲು ಸೈಟ್ ಮತ್ತು ನಳಿಗೆಯ ಮೇಲೆ ಒಂದೇ ಸಾಲಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಬೇಟೆಗೆ ಒಯ್ಯುವ ಗುಂಡಿನಲ್ಲೇ ಗುರಿ ಹೊಂದಿಸಿ. ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಬದಲು.

ಪ್ರಶ್ನೆ: ವಯಸ್ಸು 50 ದಾಟಿದೆ. ಗುರಿ ಕಂಡರೆ ಸೈಟ್ ಮಬ್ಬು, ಸೈಟ್ ಕಂಡರೆ ಗುರಿ ಮಬ್ಬು.

ಉತ್ತರ: ಪೀಪ್ ಸೈಟ್ ಹಾಕಿ. ಸಣ್ಣ ತೂತಿನ ಮೂಲಕ ನೋಡಿದಾಗ ಹತ್ತಿರ, ದೂರ ಎರಡೂ ಸಾಕಷ್ಟು ಸ್ಪಷ್ಟ. ತೂತಿನ ನಡುವನ್ನು ನೀವು ಹುಡುಕಬೇಕಿಲ್ಲ, ಕಣ್ಣು ತಾನೇ ಹುಡುಕಿಕೊಳ್ಳುತ್ತದೆ. ಗಮನ ಮುಂದಿನ ಸೈಟ್‌ನ ಮೇಲಿರಲಿ. ಬೇಟೆಗೆ ತೂತು ದೊಡ್ಡದಿರಬೇಕು, ಸಣ್ಣದರಲ್ಲಿ ಕಾಡಿನ ನೆರಳು ಕತ್ತಲಾಗಿಬಿಡುತ್ತದೆ.

ಪ್ರಶ್ನೆ: ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಸಮಯದ ತೆಂಗಿನಕಾಯಿ ಸ್ಪರ್ಧೆಗೆ .22 ರೈಫಲ್ ತಯಾರು ಮಾಡುತ್ತಿದ್ದೇನೆ. ಕಾಗದದ ಗುರಿಯಲ್ಲಿ ಚೆನ್ನಾಗಿ ಬೀಳುವ ಗುಂಡು ಕಾಯಿಗೆ ತಾಗುವುದಿಲ್ಲ. (ಒಬ್ಬ ಓದುಗರು, ಕೊಡಗು)

ಉತ್ತರ: ನೀವು ಕಪ್ಪು ವೃತ್ತದ ಅಡಿಗೆ ಮುಂದಿನ ಸೈಟ್ ಆನಿಸಿ ಗುರಿ ಹೊಂದಿಸಿರಬೇಕು. ವೃತ್ತ 20 ಸೆಂ.ಮೀ. ಅಗಲವಿದ್ದರೆ ಗುಂಡು ಸೈಟ್‌ನ ತುದಿಗಿಂತ 10 ಸೆಂ.ಮೀ. ಮೇಲೆ ಬೀಳುವಂತೆ ಹೊಂದಿಕೆಯಾಗಿದೆ. ಸುಲಿದ ಕಾಯಿಯ ಎತ್ತರವೇ ಹೆಚ್ಚುಕಡಿಮೆ 10 ಸೆಂ.ಮೀ.; ಅದರ ಅಡಿಗೆ ಸೈಟ್ ಆನಿಸಿದರೆ ಗುಂಡು ಕಾಯಿಯ ತಲೆ ಸವರಿ ಹೋಗುತ್ತದೆ. ಕಾಯಿಯಷ್ಟೇ ದೊಡ್ಡ ವೃತ್ತ ಬರೆದು, ಸ್ಪರ್ಧೆಯ ದೂರದಲ್ಲೇ ಮತ್ತೆ ಹೊಂದಿಸಿ.

ಬಿಸಿಲು ಒಂದು ಬದಿಯಿಂದ ಬೀಳುವ ಮೈದಾನದಲ್ಲಿ ಇನ್ನೊಂದು ತೊಡಕು. ಹೊಳೆಯುವ ಮಣಿಯ ಬಿಸಿಲಿನ ಬದಿಯನ್ನೇ ಕಣ್ಣು ಇಡೀ ಮಣಿಯೆಂದು ನಂಬುತ್ತದೆ, ಈಡು ಬಿಸಿಲಿನ ವಿರುದ್ಧ ಬದಿಗೆ ಸರಿಯುತ್ತದೆ. ಬೋಲ್ಟ್ ಕಳಚಿಟ್ಟು, ಮದ್ದುಗುಂಡು ದೂರವಿಟ್ಟು, ಉರಿಯುವ ಕರ್ಪೂರದ ಮಸಿಯನ್ನು ಮುಂದಿನ ಸೈಟ್‌ಗೆ ಹಿಡಿಸಿ. ಮಸಿ ಮೆತ್ತಿದರೆ ಸಾಕು, ಲೋಹ ಕಾಯಬಾರದು. ಪ್ಲಾಸ್ಟಿಕ್ ಎಳೆಯ ಫೈಬರ್ ಸೈಟ್‌ಗೆ ಇದು ಬೇಡ, ಕರಗುತ್ತದೆ. ಬೆರಳು ತಾಗಿದರೆ ಮಸಿ ಹೋಗುವುದರಿಂದ ಸರದಿ ಬರುವ ಸ್ವಲ್ಪ ಮೊದಲು ಮಾಡಿಕೊಳ್ಳಿ.