ಸಮಪಾಲಿನ ಗಾಂಜಾ ತಳಿ ಬೀಜದಲ್ಲಿ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ಸಸ್ಯತಳಿ ವಿಷಯದ ವಿದ್ಯಾರ್ಥಿ. ಔಷಧಿಗಾಗಿ ಬೆಳೆಸುವ ಕೆಲವು ಗಾಂಜಾ ಗಿಡಗಳಲ್ಲಿ ಟಿಎಚ್‌ಸಿ (ಅಮಲೇರಿಸುವ ಅಂಶ), ಸಿಬಿಡಿ (ಅಮಲೇರಿಸದ ಅಂಶ) ಎರಡೂ ಹೆಚ್ಚುಕಡಿಮೆ ಸಮ ಇರುತ್ತವಂತೆ. ಆದರೆ ಅವುಗಳ ಬೀಜ ಹಾಕಿದರೆ ಬೇರೆಬೇರೆ ಥರದ ಗಿಡ ಬರುತ್ತವೆ ಎಂದು ಓದಿದೆ. ನಾಲ್ಕಾರು ಪೀಳಿಗೆ ಆರಿಸುತ್ತಾ ಹೋದರೆ ಈ ಗುಣ ನಿಲ್ಲಬೇಕಲ್ವಾ?

ಉತ್ತರ: ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಗಿಡ ಮೊದಲು ತಯಾರಿಸುವುದು ಸಿಬಿಜಿ ಆಮ್ಲ ಎಂಬ ಮೂಲವಸ್ತುವನ್ನು. ಅದನ್ನು ಒಂದು ಕಿಣ್ವ ಟಿಎಚ್‌ಸಿ ಆಮ್ಲವಾಗಿಸುತ್ತದೆ, ಇನ್ನೊಂದು ಸಿಬಿಡಿ ಆಮ್ಲವಾಗಿಸುತ್ತದೆ. ಒಂದೇ ಹಿಟ್ಟಿನಲ್ಲಿ ದೋಸೆಯನ್ನೂ ಇಡ್ಲಿಯನ್ನೂ ಮಾಡಿದ ಹಾಗೆ. ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆ. ಎರಡೂ ಗರಿಷ್ಠ ಮಟ್ಟದಲ್ಲಿರುವ ಗಿಡ ಬೇಕು ಎಂದು ಕೇಳುವವರು ಇದನ್ನೇ ಮರೆಯುತ್ತಾರೆ.

2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿ ಮೇಯರ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಶುದ್ಧ ಟಿಎಚ್‌ಸಿ ಸಾಲನ್ನು (ಪೀಳಿಗೆಯಿಂದ ಪೀಳಿಗೆಗೆ ಅದೇ ಗುಣ ಉಳಿಸುವ ವಂಶ) ಶುದ್ಧ ಸಿಬಿಡಿ ಸಾಲಿನೊಂದಿಗೆ ಸಂಕರ ಮಾಡಿದರು. ಮೊದಲ ಪೀಳಿಗೆ ಪೂರ್ತಿ ಮಿಶ್ರ. ಎರಡನೇ ಪೀಳಿಗೆ 1:2:1ರಂತೆ ಒಡೆಯಿತು. ಅಂದರೆ ಕಾಲು ಭಾಗ ಟಿಎಚ್‌ಸಿ, ಅರ್ಧ ಮಿಶ್ರ, ಉಳಿದ ಕಾಲು ಸಿಬಿಡಿ. ಆ ಎರಡು ಕಿಣ್ವಗಳಿಗೆ ಕಾರಣವಾಗುವುದು ಒಂದೇ ಜೀನಿನ ಎರಡು ರೂಪಗಳು ಎಂದು ಆಗ ವಿವರಿಸಿದರು. ಆಮೇಲೆ ಜೀನೋಮ್ ಓದಿದಾಗ ಇವು ಹತ್ತಿರ ಹತ್ತಿರ ಇರುವ ಬೇರೆಬೇರೆ ಜೀನ್‌ಗಳು ಎಂದು ಗೊತ್ತಾಯಿತು. ಆದರೂ ಇವು ಬಿಡಿಯಾಗುವುದು ತೀರಾ ಅಪರೂಪ, ಹಾಗಾಗಿ ಲೆಕ್ಕ ಬದಲಾಗುವುದಿಲ್ಲ. ಮಿಶ್ರ ಗಿಡ ಒಂದು ಕಡೆಯಿಂದ ಟಿಎಚ್‌ಸಿ, ಇನ್ನೊಂದು ಕಡೆಯಿಂದ ಸಿಬಿಡಿ ಪಡೆದ ಗಿಡ. ನೀವು ಎಷ್ಟೇ ಆರಿಸಿದರೂ ಅದರ ಬೀಜ ಮತ್ತೆ ಒಡೆಯುತ್ತದೆ.

ಹಾಗಾದರೆ ದಾರಿ? ಎರಡು ಶುದ್ಧ ಸಾಲುಗಳನ್ನು ಬೇರೆಬೇರೆಯಾಗಿ ಕಾಪಾಡಿಕೊಂಡು, ಪ್ರತಿ ಸಲವೂ ಹೊಸದಾಗಿ ಸಂಕರ ಬೀಜ ಮಾಡುವುದು. ಇಲ್ಲವೇ ಒಳ್ಳೆಯ ಮಿಶ್ರ ಗಿಡದ ಕಡ್ಡಿ ನೆಟ್ಟು ಬೆಳೆಸುವುದು. ಗಾಂಜಾ ಗಾಳಿಯಲ್ಲಿ ಪರಾಗ ಹರಡುವ ಗಿಡ, ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ. ಹಾಗಾಗಿ ಶುದ್ಧ ಸಾಲು ಕಾಪಾಡುವುದೇ ನಿಜವಾದ ತಲೆನೋವು. ಸಸಿಯಲ್ಲೇ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಹೂವಿಗೆ ಕಾಯದೆ ಅದು ಯಾವ ಬಗೆ ಎಂದು ಹೇಳಬಹುದು. ಗಂಡು ಗಿಡಗಳ ಆಯ್ಕೆಗಂತೂ ಇದು ಬೇಕೇ ಬೇಕು.

ಟಿಎಚ್‌ಸಿ, ಸಿಬಿಡಿ ಎಲ್ಲ ಸೇರಿದ ಒಟ್ಟು ಪ್ರಮಾಣದ ವಿಷಯ ಬೇರೆ. ಅದು ಹಲವು ಜೀನ್‌ಗಳ ಜೊತೆಗೆ ಬೆಳೆಸುವ ರೀತಿಯನ್ನೂ ಅವಲಂಬಿಸಿದೆ. ಅಲ್ಲಿ ನಿಮ್ಮ ಆಯ್ಕೆಯ ಉಪಾಯ ಕೆಲಸ ಮಾಡುತ್ತದೆ. ಇನ್ನು ಸಿಬಿಎನ್ ಎಂಬ ಇನ್ನೊಂದು ಅಂಶ ಹೆಚ್ಚಿರುವ ತಳಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನಿಸಿ. ಅದು ಬಹುಮಟ್ಟಿಗೆ ಟಿಎಚ್‌ಸಿ ಹಳತಾಗಿ ಕೆಟ್ಟಾಗ ಹುಟ್ಟುವಂಥದ್ದು.