ಹೆಲಿಕಾಪ್ಟರ್ ಕಿಟ್: ಕೂರೋದು ಬೇರೆ, ಹೋಲೋದು ಬೇರೆ

ಪ್ರಶ್ನೆ: 1:48 ಅಳತೆಯ, ಅಂದರೆ ಅಸಲಿಯ 48ನೇ ಒಂದು ಪಾಲಿನ, ಎರಡು ಹ್ಯೂಯಿ (ಅಮೆರಿಕದ ಯುಎಚ್-1 ಸೇನಾ ಹೆಲಿಕಾಪ್ಟರ್) ಪ್ಲಾಸ್ಟಿಕ್ ಕಿಟ್ ನೋಡಿಟ್ಟಿದ್ದೇನೆ, ಭಾಗ ಜೋಡಿಸಿ ಪುಟ್ಟ ಹೆಲಿಕಾಪ್ಟರ್ ಮಾಡುವಂಥವು. ಒಂದು ತುಂಬ ಹಳೆಯದು, ತಗಡಿನ ಜೋಡಣೆ ತೋರಿಸುವ ಗೆರೆಗಳೆಲ್ಲ ಉಬ್ಬಿಕೊಂಡಿವೆ. ಇನ್ನೊಂದು ಹೊಸದು, ಭಾಗಗಳೂ ಜಾಸ್ತಿ. ಹೊಸದೇ ಹೆಚ್ಚು ನಿಖರ ಅಂತ ಕಣ್ಣು ಮುಚ್ಚಿ ತಗೋಬಹುದಾ?

ಉತ್ತರ: ಬೇಡ, ಕಣ್ಣು ತೆರೆದೇ ತಗೊಳ್ಳಿ. ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವಾ, ಪ್ಲಾಸ್ಟಿಕ್‌ನಲ್ಲಿ ಕುಳಿ ಬಿದ್ದಿದೆಯಾ, ಗಾಜಿನ ಭಾಗ ತಿಳಿಯಾಗಿದೆಯಾ, ಇವೆಲ್ಲ ಕಿಟ್‌ನ ಗುಣಮಟ್ಟ. ಆಕಾರ, ಅಳತೆ, ಮಾದರಿ (ಒಂದೇ ಹೆಲಿಕಾಪ್ಟರ್‌ನ ಬಿ, ಸಿ, ಡಿ ಥರದ ರೂಪ) ಅಸಲಿಗೆ ಹೋಲುತ್ತದೆಯಾ ಅನ್ನೋದು ನಿಖರತೆ. ಸಂದು ಮುಚ್ಚಲು ಪುಟ್ಟಿ ಹಚ್ಚುವ ಗೊಡವೆಯೇ ಇಲ್ಲದೆ ಕೂತುಬಿಡುವ ಕಿಟ್‌ನಲ್ಲೂ ಮೂತಿ ತಪ್ಪಿರಬಹುದು. ಉಜ್ಜಿ ಉಜ್ಜಿ ಬೆರಳು ನೋಯಿಸುವ ಹಳೇ ಕಿಟ್‌ನ ಆಕಾರ ಅಚ್ಚುಕಟ್ಟಾಗಿರಬಹುದು.

ಉಬ್ಬಿದ ಗೆರೆ ಅಂದ ಕೂಡಲೇ ತಪ್ಪು ಅಂದುಕೊಳ್ಳಬೇಡಿ. ಹೆಲಿಕಾಪ್ಟರ್ ಮೈಯಲ್ಲಿ ತಗಡುಗಳು ಒಂದರ ಮೇಲೊಂದು ಹತ್ತಿಕೊಂಡಿರುವ ಜಾಗ ಬೇಕಾದಷ್ಟಿದೆ, ತಲೆ ಎದ್ದು ಕಾಣುವ ರಿವೆಟ್‌ಗಳೂ ಇವೆ. ಹೊಸ ಕಿಟ್‌ನಲ್ಲಿ ಕೊರೆದ ಗೆರೆ 0.25 ಮಿಲಿಮೀಟರ್ ಅಗಲ ಇದ್ದರೆ, 1:48ರ ಲೆಕ್ಕದಲ್ಲಿ ಅಸಲಿ ಹೆಲಿಕಾಪ್ಟರ್ ಮೇಲೆ ಅದು 12 ಮಿಲಿಮೀಟರ್ ಸಂದು ಆಗುತ್ತದೆ. ಅಷ್ಟು ದೊಡ್ಡ ಸಂದು ಇಟ್ಟುಕೊಂಡು ಯಾವ ಹೆಲಿಕಾಪ್ಟರೂ ಹಾರೋದಿಲ್ಲ, ಅಲ್ವಾ?

ಹ್ಯೂಯಿ ವಿಷಯದಲ್ಲಿ ನೀವು ಮೊದಲು ನೋಡಬೇಕಾದದ್ದು ಮಾದರಿ. ಯುಎಚ್-1ಬಿ ಗಿಡ್ಡ ದೇಹದ್ದು, ರೋಟರ್ (ಮೇಲೆ ತಿರುಗುವ ಬ್ಲೇಡ್‌ಗಳು) ವ್ಯಾಸ 44 ಅಡಿ, ಜಾರುವ ದೊಡ್ಡ ಬಾಗಿಲಿಗೆ ಒಂದೇ ಕಿಟಕಿ. ಯುಎಚ್-1ಡಿ ಮತ್ತು ಎಚ್ ಉದ್ದ ದೇಹದವು, ರೋಟರ್ 48 ಅಡಿ, ಬಾಗಿಲಿಗೆ ಎರಡು ಕಿಟಕಿ. ಆ 4 ಅಡಿ ವ್ಯತ್ಯಾಸ 1:48ರಲ್ಲಿ ಸರಿಯಾಗಿ ಒಂದು ಇಂಚು. ಸ್ಕೇಲ್ ಇಟ್ಟರೆ ಸಿಕ್ಕಿಬೀಳುತ್ತದೆ. ಯುಎಚ್-1ಸಿ ಬಂದಾಗ ಬ್ಲೇಡ್‌ಗಳು ಕೂಡಿಕೊಳ್ಳುವ ರೋಟರ್ ತಲೆಯೇ ಬದಲಾಯಿತು. ಬ್ಲೇಡ್ ಅಗಲ 21 ಇಂಚಿನಿಂದ 27 ಇಂಚಿಗೆ ಏರಿತು. ಬ್ಲೇಡ್‌ಗಳಿಗೆ ಅಡ್ಡಲಾಗಿ, ಎರಡೂ ತುದಿಗೆ ತೂಕ ಇಟ್ಟುಕೊಂಡು ಇರುತ್ತಿದ್ದ ಸ್ಟೆಬಿಲೈಜರ್ ಬಾರ್ ಹೋಯಿತು. ಡಬ್ಬಿ ಮೇಲೆ ‘ಸಿ’ ಅಂತ ಬರೆದು, ಒಳಗೆ ಸಣ್ಣ ಬ್ಲೇಡ್ ಜೊತೆ ಆ ಬಾರ್ ಇಟ್ಟಿದ್ದರೆ ತಯಾರಕರು ‘ಬಿ’ ಅಚ್ಚನ್ನೇ ಹೊಸ ಡೆಕಾಲ್ (ಮೈಮೇಲೆ ಅಂಟಿಸುವ ಗುರುತುಚಿತ್ರ) ಹಾಕಿ ಮಾರುತ್ತಿದ್ದಾರೆ ಅಂತಲೇ ಲೆಕ್ಕ. ನೀವು ನೋಡಿರುವ ಎರಡೂ ಕಿಟ್‌ಗಳ ರೋಟರ್ ತಲೆಯ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ತೀರ್ಪು ಅಲ್ಲೇ ಸಿಗುತ್ತದೆ.

ಪ್ರಶ್ನೆ: ಅಮೆರಿಕದ ಸೇನಾ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್‌ನ ನನ್ನ 1:48 ಕಿಟ್ ಅಳೆದೆ. ಪುಸ್ತಕದಲ್ಲಿ ಉದ್ದ 19.76 ಮೀಟರ್ ಅಂತಿದೆ. ಅಂದರೆ 412 ಮಿಲಿಮೀಟರ್ ಇರಬೇಕು. ದೇಹ 318 ಮಾತ್ರ ಬರುತ್ತಿದೆ. ಇಷ್ಟೊಂದು ತಪ್ಪಾ?

ಉತ್ತರ: ತಪ್ಪಿಲ್ಲ, ಕಿಟ್ ಸರಿಯಾಗಿಯೇ ಇದೆ. 19.76 ಮೀಟರ್ ಅನ್ನೋದು ಮುಂದಿನ ಬ್ಲೇಡ್ ತುದಿಯಿಂದ ಬಾಲದ ರೋಟರ್ ತುದಿವರೆಗೆ, ಎರಡೂ ತಿರುಗುತ್ತಿರುವಾಗಿನ ಉದ್ದ. ಬರೀ ದೇಹ 15.27 ಮೀಟರ್. 48ರಿಂದ ಭಾಗಿಸಿ, 318 ಬರುತ್ತದೆ. ಹೆಲಿಕಾಪ್ಟರ್ ಕಿಟ್ ಬಗ್ಗೆ ‘ಗಿಡ್ಡ ಆಗಿದೆ’ ಅಂತ ಬರೆಯುವವರಲ್ಲಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ, ಆಮೇಲೆ ಒಳ್ಳೆ ಕಿಟ್‌ಗೆ ಸುಮ್ನೆ ಕೆಟ್ಟ ಹೆಸರು ಬರುತ್ತದೆ. ಗೊಂದಲವಿಲ್ಲದ ಅಳತೆ ಬೇಕಿದ್ದರೆ ರೋಟರ್ ವ್ಯಾಸ ಹಿಡಿಯಿರಿ. ಬ್ಲ್ಯಾಕ್ ಹಾಕ್‌ಗೆ ಅದು 16.36 ಮೀಟರ್, ನಿಮ್ಮ ಕಿಟ್‌ನಲ್ಲಿ 341 ಮಿಲಿಮೀಟರ್ ಹತ್ತಿರ ಬರಬೇಕು.

ಅಳತೆ ಸರಿ ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಈ ಹೆಲಿಕಾಪ್ಟರ್‌ನ ಬಾಲದ ರೋಟರ್ ನೇರ ನಿಲ್ಲುವುದಿಲ್ಲ, 20 ಡಿಗ್ರಿ ಓರೆಯಾಗಿದೆ. ಕಿಟ್‌ನಲ್ಲಿ ಆ ಓರೆ ಇಲ್ಲದಿದ್ದರೆ ಉದ್ದ ಅಗಲ ಎಷ್ಟೇ ಕೂಡಿ ಬಂದರೂ ಹಿಂದಿನಿಂದ ನೋಡಿದಾಗ ಅದು ಬ್ಲ್ಯಾಕ್ ಹಾಕ್ ಅನ್ನಿಸೋದಿಲ್ಲ. ಇದರದೇ ನೌಕಾಪಡೆಯ ರೂಪವಾದ ಎಸ್ಎಚ್-60ಬಿ ಮಾಡುವವರು ಹಿಂದಿನ ಚಕ್ರ ನೋಡಲಿ. ಅದು ಬಾಲದ ತುದಿಯಲ್ಲಿ ಇರೋದಿಲ್ಲ, ತುಂಬ ಮುಂದಕ್ಕೆ ಬಂದಿರುತ್ತದೆ.

ಇನ್ನೊಂದು ಮಾತು. ಹತ್ತಿರದಿಂದ ಅಗಲ ಲೆನ್ಸ್‌ನಲ್ಲಿ ತೆಗೆದ ಫೋಟೋ ನೋಡಿ ಮೂತಿಯ ಆಕಾರ ತೀರ್ಮಾನಿಸಬೇಡಿ, ಅದರಲ್ಲಿ ಮೂತಿ ಊದಿಕೊಂಡು ಬಾಲ ಸಣ್ಣದಾಗಿ ಕಾಣುತ್ತದೆ. ದೂರದಿಂದ, ಸರಿಯಾಗಿ ಪಕ್ಕಕ್ಕೆ ನಿಂತು ತೆಗೆದದ್ದೇ ಬೇಕು. ಪುಸ್ತಕದ ರೇಖಾಚಿತ್ರಗಳನ್ನೂ ಒಮ್ಮೆ ಅಳೆದು ನೋಡಿ, ಅವುಗಳಲ್ಲೂ ತಪ್ಪು ಇರುತ್ತದೆ.

ಪ್ರಶ್ನೆ: ಅಮೆರಿಕದ ದಾಳಿ ಹೆಲಿಕಾಪ್ಟರ್ ಅಪಾಚೆಯ ಬಾಲದ ರೋಟರ್ ಬ್ಲೇಡ್‌ಗಳು ಕತ್ತರಿಯ ಹಾಗೆ ಓರೆಯಾಗಿ ಅಚ್ಚಾಗಿವೆ. ಕೊಯ್ದು ಕೂಡಿಸಿ 90 ಡಿಗ್ರಿ ಮಾಡಲೇ?

ಉತ್ತರ: ದಯವಿಟ್ಟು ಕೈ ಹಚ್ಚಬೇಡಿ! ಅಸಲಿಯೂ ಹಾಗೇ ಇದೆ. ಎರಡು ಜೊತೆ ಬ್ಲೇಡ್‌ಗಳ ನಡುವೆ 55 ಡಿಗ್ರಿ, ಸದ್ದು ಕಡಿಮೆ ಮಾಡಲು ಹಾಗೆ ಇಟ್ಟಿದ್ದಾರೆ. ನಿಮ್ಮ ಕಿಟ್‌ನವರು ಮನೆಪಾಠ ಮಾಡಿದ್ದಾರೆ ಅಂತ ಇದರಿಂದ ಗೊತ್ತಾಗುತ್ತದೆ. ನಿಮ್ಮದು ‘ಡಿ’ ಮಾದರಿ ಆಗಿದ್ದರೆ ಕೆನ್ನೆಗಳನ್ನೂ ನೋಡಿ. ಮುಂಭಾಗದ ಎರಡೂ ಪಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಇಡುವ ಉಬ್ಬು ‘ಎ’ಗಿಂತ ದೊಡ್ಡದಿರಬೇಕು. ಹಳೇ ‘ಎ’ ದೇಹದ ಮೇಲೆ ರಾಡಾರ್ ಗುಂಡು ಕೂರಿಸಿದ ಮಾತ್ರಕ್ಕೆ ‘ಡಿ’ ಆಗೋದಿಲ್ಲ. ರಾಡಾರ್ ಇಲ್ಲದೆ ಹಾರುವ ‘ಡಿ’ಗಳೂ ಇವೆ, ಆದ್ದರಿಂದ ಗುರುತು ಹಿಡಿಯಬೇಕಾದದ್ದು ಕೆನ್ನೆಯಿಂದ.

ಪ್ರಶ್ನೆ: ಸೋವಿಯತ್ ದಾಳಿ ಹೆಲಿಕಾಪ್ಟರ್ ಎಂಐ-24ರ ಕಿಟ್‌ಗಳಲ್ಲಿ ‘ವಾಲಿದ ದೇಹ’ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಏನದು? ನಾನೂ ಕೆಡಿಸಿಕೊಳ್ಳಬೇಕಾ?

ಉತ್ತರ: ಬಾಲದ ರೋಟರ್ ಹೆಲಿಕಾಪ್ಟರನ್ನು ಪಕ್ಕಕ್ಕೂ ಸ್ವಲ್ಪ ತಳ್ಳುತ್ತದೆ. ಅದನ್ನು ಸರಿತೂಗಿಸಲು ಎಂಐ-24ರ ರೋಟರ್ ಕಂಬವನ್ನು ಬಲಕ್ಕೆ 2.5 ಡಿಗ್ರಿ ವಾಲಿಸಿದ್ದಾರೆ. ನೆಲದ ಮೇಲೆ ನಿಂತಾಗ ರೋಟರ್ ಮಟ್ಟವಾಗಿರಲಿ ಅಂತ ಚಕ್ರದ ಕಾಲುಗಳನ್ನು ಅದಕ್ಕೆ ಹೊಂದಿಸಿದ್ದಾರೆ. ಹಾಗಾಗಿ ನಿಂತಿರುವ ಎಂಐ-24 ಎದುರಿನಿಂದ ನೋಡಿದರೆ ದೇಹವೇ ತುಸು ತನ್ನ ಎಡಕ್ಕೆ (ನಮ್ಮ ಬಲಕ್ಕೆ) ವಾಲಿದ ಹಾಗೆ ಕಾಣುತ್ತದೆ. ಎಷ್ಟೋ ಕಿಟ್‌ಗಳು ಇದನ್ನು ಬಿಟ್ಟು, ಎಡಬಲ ಎರಡೂ ಒಂದೇ ಥರ ಮಾಡಿಬಿಟ್ಟಿವೆ.

ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಕಿಟ್ ಕೊಳ್ಳುವ ಮೊದಲು ಹೌದು, ಕೊಂಡ ಮೇಲೆ ಬೇಡ. ಈ ವಾಲನ್ನು ಆಮೇಲೆ ತರಬೇಕಾದರೆ ದೇಹವನ್ನೇ ಕೊಯ್ಯಬೇಕು, ಒಂದು ಕಡೆ ಮುಟ್ಟಿದರೆ ನಾಲ್ಕು ಕಡೆ ಸಂದು ಬಿಡುತ್ತದೆ. ಗಾಜಿನ ಆಕಾರ ತಪ್ಪಿದ್ದರೂ ಇದೇ ಪಾಡು. ಹೆಲಿಕಾಪ್ಟರ್ ಮುಖದಲ್ಲಿ ಅರ್ಧ ಗಾಜೇ ಇರುವುದರಿಂದ ಅಲ್ಲಿಯ ತಪ್ಪು ಬಣ್ಣ ಬಳಿದರೂ ಮುಚ್ಚೋದಿಲ್ಲ. ಸೀಟು ಬೆಲ್ಟ್, ಆಂಟೆನಾ, ಗನ್ ಇಂಥವು ತಪ್ಪಿದ್ದರೆ ಚಿಂತೆ ಬೇಡ, ಬೇರೆ ಸಿಗುತ್ತವೆ, ಇಲ್ಲವೇ ತಂತಿ, ಪ್ಲಾಸ್ಟಿಕ್ ಬಳಸಿ ನೀವೇ ಮಾಡಬಹುದು. ಹಾಗಾಗಿ ಎರಡು ಕಿಟ್ ಹೋಲಿಸುವಾಗ ತಪ್ಪುಗಳ ಸಂಖ್ಯೆ ಎಣಿಸಬೇಡಿ. ತಿದ್ದಲಾಗದ ತಪ್ಪು ಯಾವುದರಲ್ಲಿದೆ ನೋಡಿ. ದೇಹ, ಗಾಜು, ರೋಟರ್ ತಲೆ ಸರಿ ಇದ್ದು ಒಳಗಿನ ವಿವರ ಬಡವಾಗಿರುವ ಕಿಟ್ಟನ್ನೇ ನಾನು ಆರಿಸಿಕೊಳ್ಳುತ್ತೇನೆ.

ಪ್ರಶ್ನೆ: ಎರಡು ಕಂಪನಿಗಳ ಡಬ್ಬಿಯಲ್ಲಿ ಒಂದೇ ಥರದ ಕಿಟ್ ಇದ್ದ ಹಾಗಿದೆ. ಇದು ಸಾಧ್ಯವಾ?

ಉತ್ತರ: ಧಾರಾಳವಾಗಿ. ಅಚ್ಚುಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಎಸ್ಕಿಯ ಅಚ್ಚುಗಳು ಇಟಲೆರಿ ಡಬ್ಬಿಯಲ್ಲಿ, ಮ್ಯಾಚ್‌ಬಾಕ್ಸ್ ಮತ್ತು ಮೊನೊಗ್ರಾಮ್‌ನವು ರೆವೆಲ್ ಡಬ್ಬಿಯಲ್ಲಿ ಬಂದಿವೆ. 1:72ರಲ್ಲಿ ಟಮಿಯಾ ಹೆಸರಿನ ಕೆಲವು ಡಬ್ಬಿಗಳ ಒಳಗಿರುವುದು ಇಟಲೆರಿ ಕಿಟ್. ಹೊಸ ಚಿತ್ರ, ಹೊಸ ಡೆಕಾಲ್ ನೋಡಿ ಹೊಸ ಅಚ್ಚು ಅಂದುಕೊಳ್ಳಬೇಡಿ, ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಚಿತ್ರ ಹುಡುಕಿ ಹೋಲಿಸಿ.

ಪ್ರಶ್ನೆ: ಬ್ಲೇಡ್ ಅಂಟಿಸುವಾಗ ಮೇಲೆ ಕೆಳಗೆ ಗೊತ್ತಾಗುತ್ತಿಲ್ಲ. ಯಾವ ಕಡೆ ಮುಂದೆ?

ಉತ್ತರ: ಬ್ಲೇಡಿನ ದಪ್ಪ, ದುಂಡು ಅಂಚು ಮುಂದೆ, ಚೂಪು ಅಂಚು ಹಿಂದೆ. ಮುಂದೆ ಅಂದರೆ ಅದು ತಿರುಗುವ ದಿಕ್ಕು. ಮೇಲಿನಿಂದ ನೋಡಿದಾಗ ಹ್ಯೂಯಿ, ಬ್ಲ್ಯಾಕ್ ಹಾಕ್, ಅಪಾಚೆ ಇವೆಲ್ಲ ಗಡಿಯಾರದ ವಿರುದ್ಧ ತಿರುಗುತ್ತವೆ. ಎಂಐ-24, ಫ್ರಾನ್ಸಿನ ಅಲೂಯೆಟ್ ಗಡಿಯಾರದ ದಿಕ್ಕಿಗೆ. ಕಿಟ್‌ನ ಕೈಪಿಡಿಯೂ ಕೆಲವೊಮ್ಮೆ ತಲೆಕೆಳಗಾಗಿ ತೋರಿಸುತ್ತದೆ, ಅದಕ್ಕೇ ಫೋಟೋ ನೋಡಿಯೇ ಅಂಟು ಹಚ್ಚಿ. ನಿಂತ ಹೆಲಿಕಾಪ್ಟರ್ ಮಾಡುತ್ತಿದ್ದರೆ ಬ್ಲೇಡ್‌ಗಳನ್ನು ಬಿಸಿನೀರಿನಲ್ಲಿ ಅದ್ದಿ ತುದಿ ಕೆಳಗೆ ಬರುವ ಹಾಗೆ ನಿಧಾನವಾಗಿ ಬಾಗಿಸಿ. ಬ್ರಿಟನ್ನಿನ ಲಿಂಕ್ಸ್ ಹೆಲಿಕಾಪ್ಟರ್‌ಗೆ ಮಾತ್ರ ಜಾಸ್ತಿ ಬಾಗಿಸಬೇಡಿ, ಅದರ ರೋಟರ್ ತಲೆ ಬಿಗಿಯಾದದ್ದು, ಬ್ಲೇಡ್ ಅಷ್ಟೊಂದು ಜೋಲುವುದಿಲ್ಲ.